ಚಿಟಿಕೆ ಮೇಡಂ ನೆಲದ ಮೇಲೆ ಮಲಗಿದ ದಿನ

ಎದುರಿಗಿದ್ದಾಗ ಎಲ್ಲರಿಗೂ ಆಕೆ ಬರೀ ಮೇಡಂ. ಬೆನ್ನು ತಿರುಗಿಸಿದರೆ ಚಿಟಿಕೆ ಮೇಡಂ. ವಿಮಾನ ರಿಪೇರಿ ಮಾಡುವ ಆ ದೊಡ್ಡ ಹ್ಯಾಂಗರಿನಲ್ಲಿ ಡ್ರಿಲ್ಲು, ಗಾಳಿ ಪಂಪು, ಸುತ್ತಿಗೆ ಎಲ್ಲ ಒಟ್ಟಿಗೆ ಕಿರುಚುತ್ತಿದ್ದರೂ ಆಕೆ ಬೆರಳಲ್ಲಿ ಒಂದು ಚಿಟಿಕೆ ಹೊಡೆದರೆ ಆ ಮೂಲೆಯಲ್ಲಿದ್ದವನೂ ಬೆಚ್ಚಿ ತಿರುಗುತ್ತಿದ್ದ. ಆಳು ಕುಳ್ಳಿ. ದಪ್ಪ ಬೂಟು ಹಾಕಿ ನಿಂತರೂ ವಿಮಾನದ ಚಕ್ರಕ್ಕಿಂತ ತುಸು ಎತ್ತರ, ಅಷ್ಟೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ, ಹಾಗೆ.

ಆಕೆ ಇನ್‌ಸ್ಪೆಕ್ಟರ್. ಮೆಕ್ಯಾನಿಕ್‌ಗಳು ಮಾಡಿದ ಕೆಲಸವನ್ನು ಟಾರ್ಚು ಹಿಡಿದು ನೋಡಿ ಸರಿ ಅನ್ನುವುದು, ಇಲ್ಲವೇ ಜನ್ಮ ಜಾಲಾಡುವುದು. ತಪ್ಪಿನ ವಿಷಯದಲ್ಲಿ ಆಕೆಗಿದ್ದದ್ದು ಒಂದೇ ಮಾತು: "ತಪ್ಪು ಅಂದ್ರೆ ಅಸಡ್ಡೆ. ಮನಸ್ಸಿಟ್ಟು ಮಾಡಿದ್ರೆ ಕೈ ಯಾಕೆ ತಪ್ಪುತ್ತೆ?" ಮನೆಯಲ್ಲೂ ಇದೇ ರಾಗ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಗುಂಡಿ ಕೂದಲೆಳೆಯಷ್ಟು ಓರೆಯಾದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. "ಮದುವೆಯಾಗಿದ್ದು ಇನ್‌ಸ್ಪೆಕ್ಟರ್‌ನ ಅಂತ ಗೊತ್ತಿದ್ರೆ ಬಟ್ಟೆ ಬಿಟ್ಟು ಬುಟ್ಟಿ ಹೆಣೀತಿದ್ದೆ" ಅಂತ ಅವರು ಗಿರಾಕಿಗಳ ಮುಂದೆ ನಗುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹ್ಯಾಂಗರಿನಿಂದ ಹೊರಟ ವಿಮಾನವೊಂದು ಜನರನ್ನು ಹತ್ತಿಸಿಕೊಳ್ಳಲು ನಿಂತಿತ್ತು. ಪೈಲಟ್ ಸುತ್ತ ಒಂದು ಸಲ ನೋಡಿಕೊಂಡು ಬರುತ್ತಿದ್ದಾಗ ಗಾಳಿಗೆ ಅವನ ಟೋಪಿ ಹಾರಿ ಇಂಜಿನ್ನಿನ ಕೆಳಗೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದವನಿಗೆ ಇಂಜಿನ್ ಮುಚ್ಚಳದ ಕೊಂಡಿಗಳು ನೇತಾಡುತ್ತಿರುವುದು ಕಂಡಿತು. ಒಂದನ್ನೂ ಹಾಕಿರಲಿಲ್ಲ. ಹಾಗೇ ಹಾರಿದ್ದರೆ ಬಾಗಿಲಿನಷ್ಟು ದೊಡ್ಡ ಮುಚ್ಚಳ ಗಾಳಿಯಲ್ಲಿ ಕಿತ್ತುಹೋಗಿ ರೆಕ್ಕೆಗೋ ಬಾಲಕ್ಕೋ ಬಡಿಯುತ್ತಿತ್ತು.

ಆ ಇಂಜಿನ್ ಕೆಲಸ ಮಾಡಿದ್ದವನು ಉದ್ದಣ್ಣ. ಹ್ಯಾಂಗರಿನಲ್ಲೇ ಎತ್ತರದ ಆಳು, ಮಾತು ಕಡಿಮೆ, ಕೆಲಸ ಚೊಕ್ಕ. ಒಳಗಿನ ರಿಪೇರಿಯನ್ನು ಮೇಡಂ ನೋಡಿ ಸರಿ ಅಂದಿದ್ದರು. ಮುಚ್ಚಳ ಮುಚ್ಚಿ ಕೊಂಡಿ ಹಾಕುವುದಷ್ಟೇ ಅವನಿಗೆ ಬಾಕಿಯಿತ್ತು.

"ಕಣ್ಣು ಎಲ್ಲಿಟ್ಟಿದ್ದೆ ಉದ್ದಣ್ಣ? ಮನೇಲಿ ಬಿಟ್ಟು ಬಂದಿದ್ಯಾ?" ಅಂತ ಮೇಡಂ ಎಲ್ಲರ ಮುಂದೆಯೇ ಗದರಿದರು.

ಅವನು ತಲೆ ತಗ್ಗಿಸಿ ನಿಂತ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಅಂತ ಮ್ಯಾನೇಜರು ಅವನನ್ನು ಮನೆಗೆ ಕಳಿಸಿದರು. ತಕ್ಕ ಶಾಸ್ತಿಯಾಯಿತು ಅಂತ ಮೇಡಂಗೆ ಸಮಾಧಾನ.

ವಿಚಾರಣೆ ಮಾಡಬೇಕಾದವರು ಹೊಸದಾಗಿ ಬಂದಿದ್ದ ಸೇಫ್ಟಿ ಆಫೀಸರು. ಸಣ್ಣ ದನಿಯ ಮನುಷ್ಯ. ಯಂತ್ರದ ಜೊತೆ ಮನುಷ್ಯನನ್ನೂ ನೋಡಬೇಕು, ಅವನ ನಿದ್ದೆ, ಸುಸ್ತು, ಅವಸರ ಎಲ್ಲ ಲೆಕ್ಕಕ್ಕೆ ಬರಬೇಕು ಅನ್ನುವುದು ಅವರ ವಾದ. ಇದೆಲ್ಲ ಸೋಮಾರಿಗಳಿಗೆ ಕೊಡೆ ಹಿಡಿಯೋ ಕೆಲಸ ಅಂತ ಮೇಡಂ ಮೊದಲೇ ತೀರ್ಪು ಕೊಟ್ಟಾಗಿತ್ತು.

ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಆಫೀಸರು ಕೇಳಿದರು, "ಮುಚ್ಚಳ ಮುಚ್ಚಿದ ಮೇಲೆ ಏನಾಯ್ತು?"

"ಉದ್ದಣ್ಣ ಇನ್ನೊಂದು ವಿಮಾನದ ಟೈರ್ ನೋಡೋಕೆ ಹೋದ ಸಾರ್. ಬಂದು ನೋಡ್ದಾಗ ಮುಚ್ಚಳ ಮುಚ್ಚಿತ್ತಲ್ಲ, ಕೊಂಡಿನೂ ಹಾಕಿದೀನಿ ಅಂದ್ಕೊಂಡನಂತೆ" ಅಂದ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಪೇಂಟರು.

"ಟೈರ್ ನೋಡೋಕೆ ಅವನೇ ಎದ್ದು ಹೋದ್ನಾ?"

ಎಲ್ಲರ ಕಣ್ಣೂ ಚಹಾ ಲೋಟದೊಳಗೆ. ಮೇಡಂ ಲೋಟ ಕೆಳಗಿಟ್ಟು, "ನಾನೇ ಕರೆದೆ. ಚಿಟಿಕೆ ಹೊಡೆದು ಕರೆದೆ" ಅಂದರು. ಹಿಂದೆಯೇ ದನಿ ಏರಿತು. "ಕರೆದ್ರೆ ಏನಾಯ್ತು? ವಾಪಸ್ ಬಂದು ನೋಡ್ಬೇಕಿತ್ತು ತಾನೆ? ನಾನಾಗಿದ್ರೆ ನಿಂತಲ್ಲಿಂದಲೇ ಹೇಳ್ತಿದ್ದೆ, ಕೊಂಡಿ ಹಾಕಿದೆಯೋ ಇಲ್ವೋ ಅಂತ!"

ಆಫೀಸರು ವಾದ ಮಾಡಲಿಲ್ಲ. ಮಾರನೆಯ ದಿನ ಹ್ಯಾಂಗರಿನಲ್ಲಿ ನಿಂತಿದ್ದ ವಿಮಾನವೊಂದರ ಹತ್ತಿರ ಎಲ್ಲರನ್ನೂ ಕರೆದರು. "ಮೇಡಂ, ಎರಡು ಇಂಜಿನ್ ಇದೆ. ಯಾವುದರ ಕೊಂಡಿ ಹಾಕಿದೆ, ನಿಂತಲ್ಲಿಂದಲೇ ಹೇಳಿ. ಗೆದ್ರೆ ಎಲ್ಲರಿಗೂ ನನ್ನ ಕಡೆಯಿಂದ ಚಹಾ."

ಮೇಡಂ ಎರಡೂ ಇಂಜಿನ್ ಸುತ್ತಿದರು. ಮುಚ್ಚಳದ ಮೇಲೆ ಕೈಯಾಡಿಸಿ, ಅಂಚು ಸವರಿ, ಹಣ್ಣು ಕೊಳ್ಳುವವರ ಹಾಗೆ ಬೆರಳಲ್ಲಿ ತಟ್ಟಿದರು. "ಎಡಗಡೇದು ಹಾಕಿದೆ." ಮ್ಯಾನೇಜರಿಗೂ ಹುರುಪು ಬಂತು. "ಇಲ್ಲ ಇಲ್ಲ, ಬಲಗಡೇದು." ಮೆಕ್ಯಾನಿಕ್‌ಗಳು ಎರಡು ಪಕ್ಷವಾಗಿ ಕೂಗಾಡಿದರು.

"ಈಗ ಕೆಳಗಿಂದ ನೋಡಿ" ಅಂದರು ಆಫೀಸರು.

ಕೊಂಡಿಗಳು ಇರುವುದು ಇಂಜಿನ್ನಿನ ಹೊಟ್ಟೆಯ ಅಡಿಯಲ್ಲಿ, ನೆಲಕ್ಕೆ ತೀರಾ ಹತ್ತಿರ. ಮೇಡಂ ಮೊದಲು ಬಗ್ಗಿದರು, ಕಾಣಲಿಲ್ಲ. ಮಂಡಿಯೂರಿದರು, ಆಗಲೂ ಸರಿಯಾಗಿ ಕಾಣಲಿಲ್ಲ. ಕೊನೆಗೆ ಎಣ್ಣೆ ಜಿಡ್ಡಿನ ನೆಲದ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟರು. ಎಡಗಡೆಯದರ ಕೊಂಡಿಗಳು ನೇತಾಡುತ್ತಿದ್ದವು. ಮ್ಯಾನೇಜರು ಗೆದ್ದೆ ಅಂತ ಇಸ್ತ್ರಿ ಪ್ಯಾಂಟಿನಲ್ಲೇ ಬಲಗಡೆಯದರ ಕೆಳಗೆ ನುಸುಳಿದರು. ಅಲ್ಲೂ ನೇತಾಡುತ್ತಿದ್ದವು!

"ಎರಡೂ ಹಾಕಿಲ್ವಲ್ರೀ!" ಅಂತ ಅವರು ಒಳಗಿನಿಂದಲೇ ಕೂಗಿದಾಗ ಹ್ಯಾಂಗರ್ ಘೊಳ್ಳೆಂದಿತು. ಮೇಡಂ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ನಿಂತವರಿಗೆ ಕಾಣದ್ದು ಉದ್ದಣ್ಣನಿಗೆ ಹೇಗೆ ಕಾಣಬೇಕಿತ್ತು? ಅದರಲ್ಲೂ ಆ ತಾಳೆಮರಕ್ಕೆ?

ಸಂಜೆ ಬೆನ್ನೆಲ್ಲ ಜಿಡ್ಡು ಮೆತ್ತಿಕೊಂಡು ಬಂದ ಹೆಂಡತಿಯನ್ನು ನೋಡಿ ದರ್ಜಿ ಗಾಬರಿಯಾದರು. "ಯಾರು ಕೆಡವಿದ್ರೇ ನಿನ್ನ?"

"ನನ್ನ ಬಾಯಿ" ಅಂತ ಹೇಳಿ ಆಕೆ ನಡೆದದ್ದನ್ನೆಲ್ಲ ಹೇಳಿದರು. ಕೇಳುತ್ತಲೇ ಅವರು ಬಟ್ಟೆ ಕತ್ತರಿಸುತ್ತಿದ್ದರು. ಅಷ್ಟರಲ್ಲಿ ಗಿರಾಕಿ ಬಂದ. ಕತ್ತರಿ ನಿಂತ ಜಾಗಕ್ಕೆ ಒಂದು ಕೆಂಪು ಚಿಂದಿ ಸಿಕ್ಕಿಸಿ ಅವರು ಎದ್ದರು. ವರ್ಷಗಟ್ಟಲೆ ಕಣ್ಣೆದುರಿಗೇ ಇದ್ದ ಚಿಂದಿ ಅದು.

"ಅದ್ಯಾಕ್ರೀ ಆ ಚಿಂದಿ?"

"ಮರೀತೀನಲ್ಲ, ಅದಕ್ಕೆ. ಮರೆಯೋದು ನನ್ನ ಹುಟ್ಟುಗುಣ. ಗಿರಾಕಿ ಬಟ್ಟೆ ಏನು ತಪ್ಪು ಮಾಡಿದೆ, ಪಾಪ?"

ಮರುದಿನವೇ ಆಕೆ ಉದ್ದಣ್ಣನ ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆಗೆದ ಅವನ ತಾಯಿ ಮೇಲಿಂದ ಕೆಳಗೆ ನೋಡಿ, "ಓ, ಇಷ್ಟೇನಾ ನೀವು! ಅವನು ಹೇಳೋದು ಕೇಳಿ ಏಳಡಿ ಇರ್ತೀರಿ ಅಂದ್ಕೊಂಡಿದ್ದೆ" ಅಂದರು. ಮೇಡಂಗೆ ನಗು ಬಂತು. ಒಳಗೆ ಉದ್ದಣ್ಣ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಗೋಡೆಗೊರಗಿದ್ದ. ಎದ್ದು ನಿಲ್ಲಲು ಹೋಗಿ ಮುಖ ಹಿಂಡಿದ.

"ಎಷ್ಟು ದಿನದಿಂದ ಈ ನೋವು?"

"ಬಹಳ ದಿನ ಆಯ್ತು ಮೇಡಂ. ಬಗ್ಗೋಕಾಗಲ್ಲ. ಕೊಂಡಿ ಹಾಕೋಕೆ ಮಲಗಿದ್ರೆ ಏಳೋದೇ ಕಷ್ಟ."

"ಮತ್ತೆ ಯಾಕಪ್ಪ ಹೇಳಲಿಲ್ಲ?"

ಅವನು ಬಿಸಿನೀರಿನ ಚೀಲ ಸರಿಮಾಡಿಕೊಂಡ. ತಾಯಿಯೇ ಹೇಳಿದರು, "ನಿಮಗೆ ಹೆದರಿ ಕಣಮ್ಮಾ."

ಬಾಗಿಲಲ್ಲಿ ನಕ್ಕಿದ್ದ ಮೇಡಂಗೆ ಆ ಮಾತು ನೇರ ಎದೆಗೆ ನಾಟಿತು. ತಮ್ಮ ಗದರಿಕೆಯಿಂದ ಕೆಲಸ ಶುದ್ಧವಾಗುತ್ತಿದೆ ಅಂದುಕೊಂಡಿದ್ದರು. ಜನ ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೆ. "ತಪ್ಪಾಯ್ತು ಉದ್ದಣ್ಣ. ಅರ್ಧ ಕೆಲಸದಲ್ಲಿ ನಿನ್ನ ಎಬ್ಬಿಸಬಾರದಿತ್ತು. ಅಷ್ಟು ಜನರ ಮುಂದೆ ಹಾಗೆ ಅನ್ನಲೂಬಾರದಿತ್ತು" ಅಂದರು. ಅವನು ಗಾಬರಿಯಾಗಿ, "ಅಯ್ಯೋ ಕೂತ್ಕೊಳ್ಳಿ ಮೇಡಂ, ಚಹಾ ಕುಡೀರಿ" ಅಂತ ಮಾತ್ರ ಹೇಳಿದ.

ಆಮೇಲೆ ಹ್ಯಾಂಗರಿನಲ್ಲಿ ಬದಲಾವಣೆಗಳು ಒಂದೊಂದಾಗಿ ಬಂದವು. ಕೊಂಡಿಗಳಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬಿತ್ತು. ಮಲಗಿ ಕೆಲಸ ಮಾಡಲು ಚಕ್ರದ ಹಲಗೆಗಳು ಬಂದವು. ಕೆಲಸ ಅರ್ಧಕ್ಕೆ ಬಿಟ್ಟು ಏಳುವವನು ಅಲ್ಲಿ ಕೆಂಪು ಬಟ್ಟೆ ಕಟ್ಟಿಯೇ ಏಳಬೇಕು. ಆ ಬಟ್ಟೆಗಳನ್ನು ಹೊಲಿದುಕೊಟ್ಟವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಕೊಂಡಿ ಹಾಕಿದ ಮೇಲೆ ಬೇರೊಬ್ಬರು ಮಲಗಿ ನೋಡಬೇಕು ಅನ್ನುವ ನಿಯಮವೂ ಆಯಿತು. ಆಫೀಸರು ಕೊಟ್ಟ ಚಿಕಿತ್ಸೆಯ ರಜೆ ಮುಗಿಸಿ ಬಂದ ಉದ್ದಣ್ಣನಿಗೆ ಬಾಲದ ಮೇಲಿನ ಕೆಲಸ ಸಿಕ್ಕಿತು. ಅವನಿಗೆ ಏಣಿಯೂ ಅರ್ಧ ಸಾಕು.

ಮೇಡಂಗೆ ಸಿಕ್ಕಿದ್ದು ಪಾಠ ಹೇಳುವ ಕೆಲಸ. ಮೊದಲ ದಿನ ತಡವರಿಸಿದರು. ಜನ ಹೆದರಿಕೆಯಿಂದ ಕೈಕಟ್ಟಿ ಕೂತಿದ್ದರು. ಆಕೆ ಬರೆದುಕೊಂಡಿದ್ದನ್ನೆಲ್ಲ ಬದಿಗಿಟ್ಟು, ನೆಲದ ಮೇಲೆ ಮಲಗಿದ ಕಥೆಯನ್ನು ಮ್ಯಾನೇಜರ ಪ್ಯಾಂಟಿನ ಸಮೇತ ಹೇಳಿದರು. ನಕ್ಕು ನಕ್ಕು ಸುಸ್ತಾದ ಮೇಲೆ ಪೇಂಟರು ಕೈಯೆತ್ತಿದ. "ಮೇಡಂ, ಆ ಮೂಲೆ ದೀಪದಲ್ಲಿ ನಂಗೆ ಬಿರುಕಿಗೂ ಗೀರಿಗೂ ವ್ಯತ್ಯಾಸ ಕಾಣಲ್ಲ." ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅಣೆಕಟ್ಟಿನ ಬಾಗಿಲು ತೆರೆದ ಹಾಗೆ.

ಕೆಲವು ತಿಂಗಳ ನಂತರ ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಾ ಬಂದರು. "ಏನ್ ಮೇಡಂ ಇದು, ಮೊದಲಿಗಿಂತ ತಪ್ಪುಗಳು ಜಾಸ್ತಿ ಆಗ್ತಿವೆಯಲ್ಲ?"

"ತಪ್ಪು ಜಾಸ್ತಿ ಆಗಿಲ್ಲ ಸಾರ್" ಅಂದರು ಆಕೆ, "ಹೇಳೋರು ಜಾಸ್ತಿ ಆಗಿದಾರೆ. ಮೂಲೆ ದೀಪ ಯಾವಾಗ ಬದಲಾಯಿಸ್ತೀರಿ?"

ಮ್ಯಾನೇಜರು ಅಲ್ಲೇ ನಿಂತು ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದರು.