ಭಾವನ ತೂಗುಗುಂಡು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಗಾರೆ ಕೆಲಸದವರು. ಓರೆಯಾದದ್ದು ಯಾವುದೂ ಅವರ ಕಣ್ಣಿಗೆ ಒಗ್ಗುವುದಿಲ್ಲ. ಹುಟ್ಟಿದ ಕೂಡಲೇ ಅಳುವ ಬದಲು ತೊಟ್ಟಿಲು ಮಟ್ಟವಾಗಿದೆಯೇ ಎಂದು ನೋಡಿದರಂತೆ. ನಾನು ಅಲ್ಲಿರಲಿಲ್ಲ, ಆದರೂ ಆಣೆ ಇಟ್ಟು ಹೇಳಬಲ್ಲೆ. ಮದುವೆಯ ಫೋಟೋ ತೆಗೆಯುವಾಗ, ಪಕ್ಕದ ಕಂಬ ವಾಲಿದೆಯೆಂದು ಕತ್ತು ತಿರುಗಿಸಿಬಿಟ್ಟರು. ಆ ಫೋಟೋ ನೋಡಿದರೆ ನಮ್ಮಕ್ಕ ಒಂದು ಕಿವಿಯನ್ನು ಮದುವೆಯಾದಂತಿದೆ.

"ನಲವತ್ತು ವರ್ಷ ಆಯ್ತು ಕಣೋ, ಇಬ್ಬರೂ ಇರೋ ಒಂದು ಒಳ್ಳೇ ಫೋಟೋ ಬೇಕು," ಎಂದು ಅಕ್ಕ ಹಟ ಹಿಡಿದಳು. ಅದಕ್ಕೆಂದೇ ಭಾನುವಾರ ಮೂವರೂ ಬಸ್ಸು ಹತ್ತಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಗಾಳಿ, ನೀರು ಕೊರೆದ ಬಂಡೆಗಳು ಅಲ್ಲಿ: ಒಂದು ಅಣಬೆ, ಒಂದು ಕಮಾನು, ಇನ್ನೊಂದು ನಿದ್ದೆಗೆಟ್ಟ ಒಂಟೆ. ಎಲ್ಲಕ್ಕಿಂತ ಹೆಸರಾದದ್ದು ನಿಂಬೆಹಣ್ಣಿನಷ್ಟು ಬುಡದ ಮೇಲೆ ಊರಷ್ಟು ದೊಡ್ಡದಾಗಿ ಕೂತ ಬಂಡೆ. ಅದರ ಕೆಳಗೇ ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು.

ಅಕ್ಕ ಕೂದಲು ಸರಿಮಾಡಿಕೊಂಡು ಹೋಗಿ ನಿಂತಳು. ಭಾವ ಹತ್ತು ಮಾರು ಈಚೆಗೇ ನಿಂತು, ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಿತ್ತಾಳೆಯ ತೂಗುಗುಂಡನ್ನು ಜೇಬಿನಿಂದ ತೆಗೆದು, ದಾರ ಇಳಿಬಿಟ್ಟು ಒಂದು ಕಣ್ಣು ಮುಚ್ಚಿದರು.

"ಎರಡು ಅಡಿ ಓರೆ! ಯಾವನು ಕಟ್ಟಿದ್ದು ಇದನ್ನ?"

ಕಾವಲುಗಾರ ನಕ್ಕ. "ಯಾರೂ ಕಟ್ಟಿಲ್ಲ ಯಜಮಾನ್ರೇ. ಸಾವಿರಾರು ವರ್ಷದಿಂದ ಹೀಗೇ ನಿಂತಿದೆ."

"ಅದಕ್ಕೇ ಹೇಳ್ತಿರೋದು, ಇಷ್ಟೊತ್ತಿಗೆ ಸುಸ್ತಾಗಿರತ್ತೆ. ಏ, ಬಾರೇ ಈಚೆಗೆ! ಓರೆ ಇರೋದರ ಕೆಳಗೆ ನಾನೂ ನಿಲ್ಲಲ್ಲ, ನಿನ್ನನ್ನೂ ನಿಲ್ಲಿಸಲ್ಲ."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ರೀ, ನೀವೇ ಕಟ್ಟಿದ ಅಡುಗೆಮನೆ ಗೋಡೆ ಒಳಕ್ಕೆ ವಾಲಿದೆ. ಅದರ ಕೆಳಗೇ ಮೂವತ್ತು ವರ್ಷ ಅಡುಗೆ ಮಾಡಿದೀನಿ."

ಭಾವ ಅಡುಗೆಮನೆಗೆ ಕಾಲಿಟ್ಟದ್ದು ಅದನ್ನು ಕಟ್ಟುವಾಗ ಮಾತ್ರ. ಕೈಯಲ್ಲಿದ್ದ ಗುಂಡು ತೂಗಾಡತೊಡಗಿತು.

"ಎಷ್ಟು?" ಎಂದರು, ಸಣ್ಣ ದನಿಯಲ್ಲಿ.

"ಬೆರಳಗಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಕೆಡವಿ, ಒಂದು ತಿಂಗಳು ಮುಖ ಸೊಟ್ಟ ಮಾಡ್ಕೊಂಡಿರ್ತಿದ್ರಿ. ಗೋಡೆ ಸೊಟ್ಟ ಇರೋದೇ ವಾಸಿ ಅನ್ನಿಸ್ತು."

ಭಾವ ದಾರ ಸುತ್ತಿ ಗುಂಡನ್ನು ಜೇಬಿಗಿಳಿಸಿದರು. ಆ ಹತ್ತು ಮಾರು ನಡೆಯಲು ಒಂದು ಯುಗ ಹಿಡಿಯಿತು. ಅಷ್ಟರಲ್ಲಿ ಬಂಡೆ ಇನ್ನೊಂದಿಷ್ಟು ಸವೆದಿರಬೇಕು. ಕೊನೆಗೂ ಅಕ್ಕನ ಪಕ್ಕ ನಿಂತರು. ನಾನು ಮೊಬೈಲಿನಲ್ಲಿ ಕ್ಲಿಕ್ಕಿಸಿದೆ.

ನೋಡಿದರೆ ಮತ್ತೆ ಕಿವಿಯೇ! ಆದರೆ ಈ ಸಲ ಅವರು ತಿರುಗಿ ನೋಡುತ್ತಿದ್ದುದು ಬಂಡೆಯನ್ನಲ್ಲ, ಅಕ್ಕನನ್ನು.

"ಇನ್ನೊಂದು ತೆಗೀಲೇನಕ್ಕಾ?"

"ಬೇಡ ಬಿಡು. ಇದೇ ಇರಲಿ."

ಆ ಫೋಟೋಗೆ ಕಟ್ಟು ಹಾಕಿಸಿ, ಅಡುಗೆಮನೆಯ ಆ ಗೋಡೆಗೇ ಮೊಳೆ ಹೊಡೆದು ನೇತುಹಾಕಿದ್ದು ಭಾವನೇ. ಅದು ತೂಗುಗುಂಡಿನಂತೆ ನೆಟ್ಟಗೆ ಇಳಿಬಿದ್ದಿದೆ, ಕಟ್ಟಿನ ಕೆಳಗಿನ ಅಂಚು ವಾಲಿದ ಗೋಡೆಗೆ ತಾಗುವುದಿಲ್ಲ. ಮನೆಗೆ ಬಂದವರನ್ನೆಲ್ಲ ಒಳಗೆ ಕರೆದೊಯ್ದು ತೋರಿಸುತ್ತಾರೆ:

"ಗೋಡೆ ಓರೆ ಕಣ್ರೀ. ನಾವಿಬ್ಬರು ಮಾತ್ರ ನೆಟ್ಟಗಿದೀವಿ."