ಬೆನ್ನಿಗೆ ಬೆನ್ನು ಹಚ್ಚಿ ಕೂತ ಎರಡು ಶಾಲೆಗಳು

ಶಹಾಬಾದಿನಲ್ಲಿ ಸರ್ಕಾರಿ ಶಾಲೆ ಎಲ್ಲಿದೆ ಎಂದು ಯಾರನ್ನಾದರೂ ಕೇಳಿ ನೋಡಿ. "ಯಾವ ಸಾಲಿರಿ? ಕನ್ನಡದ್ದೋ, ಉರ್ದುದ್ದೋ, ಮರಾಠಿದ್ದೋ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಕಲ್ಲಿನ ಗಣಿಗೆ ತೆಲುಗು ಸೀಮೆಯವರು ಬಂದರು, ರೈಲ್ವೆಗೆ ಮರಾಠಿಯವರು ಬಂದರು, ಸಿಮೆಂಟಿಗೆ ಎಲ್ಲೆಲ್ಲಿಯವರೋ ಬಂದರು. ಬಂದವರ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಶಾಲೆಗಳು. ಕೆಲವು ಈಗಲೂ ನಡೆಯುತ್ತಿವೆ, ಕೆಲವಕ್ಕೆ ಬೀಗ ಬಿದ್ದಿದೆ. ಚಿತ್ತಾಪುರದಲ್ಲಿ ಮೀಟಿಂಗ್ ಇದ್ದಾಗ ನಾವು ಶಿಕ್ಷಕರೆಲ್ಲ ಒಂದೇ ಸಭಾಂಗಣದಲ್ಲಿ ಕೂರುತ್ತೇವೆ. ಚಹಾ ಬರುವ ಹೊತ್ತಿಗೆ ಅಲ್ಲಿ ಎಷ್ಟು ಭಾಷೆ ಕೇಳುತ್ತದೆಂದರೆ, ಹೊಸದಾಗಿ ಬಂದ ಅಧಿಕಾರಿ ಗಾಬರಿಯಾಗಬೇಕು.

ನಾನು ಸೇಡಂ ಕಡೆಯ ಹಳ್ಳಿಯವಳು. ಮೊದಲು ಚಿಂಚೋಳಿ ಕಡೆ ಇದ್ದೆ, ಆಮೇಲೆ ಕಾಳಗಿ, ಕೊನೆಗೆ ಇಲ್ಲಿಯ ಉರ್ದು ಮಾಧ್ಯಮದ ಶಾಲೆಗೆ ಕನ್ನಡ ಕಲಿಸಲು ಬಂದೆ. ವರ್ಗಾವಣೆಯ ಸುದ್ದಿ ಕೇಳಿ ಬಳಗದವರು, "ಅಯ್ಯ, ಉರ್ದು ಸಾಲ್ಯಾಗ ಇಕಿ ಏನ್ ಕಲಸ್ತಾಳ?" ಎಂದು ಆಡಿಕೊಂಡರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ನಮ್ಮ ಮುತ್ಯಾ ಯಾವ ಸಾಲ್ಯಾಗ ಕಲ್ತಿದ್ದ, ಮರ್ತೀರೇನು?" ಎಂದೆ. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಉರ್ದುವೇ. ಹಣೆಗೆ ವಿಭೂತಿ ಇಲ್ಲದೆ ನೀರು ಮುಟ್ಟದ ನಮ್ಮಜ್ಜ ಸಾಯುವತನಕ ಉರ್ದು ಪೇಪರನ್ನೇ ಓದುತ್ತಿದ್ದ. ಇದನ್ನು ತರಗತಿಯ ಮಕ್ಕಳಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕಿದ್ದರು.

ಆ ಮಕ್ಕಳಲ್ಲಿ ಒಬ್ಬಳು, ಏಳನೆಯ ತರಗತಿಯ ಹುಡುಗಿ. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವವರು, ಅವ್ವ ಮನೆಯಲ್ಲಿ ಬಟ್ಟೆ ಹೊಲಿಯುವವರು. ಹುಡುಗಿ ಮಾತು ಕಡಿಮೆ, ಆದರೆ ಕಣ್ಣು ಬಲು ಚುರುಕು. ನಮ್ಮ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ಉರ್ದು ಹೈಸ್ಕೂಲು ರೈಲು ಹಳಿಯ ಆಚೆ. ಗೂಡ್ಸ್ ಗಾಡಿ ಅಡ್ಡ ನಿಂತರೆ ಗಂಟೆಗಟ್ಟಲೆ ಕದಲುವುದಿಲ್ಲ. ಮಕ್ಕಳು ಕಾಯುತ್ತಾರೆಯೇ? ಡಬ್ಬಿಯ ಕೆಳಗೆ ತೂರಿ ಹೋಗುತ್ತಾರೆ. ಹಾಗೆ ತೂರುವಾಗ ಗಾಡಿ ಹೊರಟಿದ್ದನ್ನು ಆಕೆಯ ಅಪ್ಪ ಕಣ್ಣಾರೆ ಕಂಡಿದ್ದರು.

"ನನ್ನ ಮಗಳಿಗಿ ಪಟ್ರಿ ದಾಟ್ಸಂಗಿಲ್ರಿ ಟೀಚರ್," ಎಂದರು, ನಾನು ಅವರ ಮನೆಗೆ ಹೋದಾಗ. "ಓದ್ಲಿ ಅಂತ ನನಗೂ ಆಸೆ ಅದ. ಆದ್ರ ಜೀವಕ್ಕಿಂತ ಹೆಚ್ಚೇನ್ರಿ?"

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋಗಿದ್ದೆ, ಆಗಲಿಲ್ಲ. ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬಾಗಿಲ ಸಂದಿಯಲ್ಲಿ ಹುಡುಗಿ ನಿಂತು ಕೇಳುತ್ತಿದ್ದಳು. "ನಮ್ಮ ಕಂಪೌಂಡಿನ್ಯಾಗೇ ಕನ್ನಡ ಹೈಸ್ಕೂಲ್ ಅದ ಅಲ್ರಿ? ಅಲ್ಲಿ ಹಾಕೋಣು," ಎಂದೆ. ಅವರು ಮಗಳ ಕಡೆ ಒಮ್ಮೆ ನೋಡಿದರು. "ಅಲ್ಲಿ ದೊಡ್ಡ ಸಾರ್ ಹೂಂ ಅಂದ್ರ ಕಳಸ್ತೀನ್ರಿ. ಇಲ್ಲಂದ್ರ ಇಕಿ ಅವ್ವನ ಕೂಡ ಹೊಲಿಗಿ ಕಲೀಲಿ."

ದೊಡ್ಡ ಸಾರ್ ಎಂದರೆ ಆ ಹೈಸ್ಕೂಲಿನ ಹೆಡ್ ಮಾಸ್ತರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅದಕ್ಕೆ ಕಾರಣವೂ ಇತ್ತು.

ಹಿಂದಿನ ಮಳೆಗಾಲದಲ್ಲಿ ನಮ್ಮ ಏಳನೆಯ ತರಗತಿಯ ಚಾವಣಿಯ ಗಿಲಾವು ಕಳಚಿ ಬಿದ್ದಿತ್ತು. ಪುಣ್ಯಕ್ಕೆ ಅಂದು ಭಾನುವಾರ. ಹೊಸ ಕೋಣೆ ಆಗುವವರೆಗೆ ಎಂದು ನಮ್ಮನ್ನು ಹೈಸ್ಕೂಲಿನ ಉದ್ದನೆಯ ಹಾಲಿಗೆ ಹಾಕಿದರು. ಆ ತುದಿಯ ಗೋಡೆಗೆ ಅವರ ಎಂಟನೆಯ ತರಗತಿಯ ಕರಿಹಲಗೆ, ಈ ತುದಿಗೆ ನಮ್ಮದು. ಮಕ್ಕಳು ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದರು, ನಡುವೆ ಒಂದು ಹಳೆಯ ಜಮಖಾನ ಇಳಿಬಿಟ್ಟಿದ್ದೆವು. ಆ ಕಡೆ ವಿಜ್ಞಾನ ಕಲಿಸುತ್ತಿದ್ದವರು ಹೆಡ್ ಮಾಸ್ತರೇ. ಅಬ್ಬಬ್ಬಾ, ಆ ಗಂಟಲು! ಅವರು ಪಾಠ ಶುರು ಮಾಡಿದರೆ ಸ್ಟೇಶನ್ನಿನಲ್ಲಿ ನಿಂತವರೂ ಪಾಸಾಗಬೇಕು.

"ಸರ್, ಸ್ವಲ್ಪ ಸಣ್ಣಗ ಮಾತಾಡ್ರಿ. ನಮ್ಮ ಹುಡುಗ್ರಿಗಿ ನನ್ನ ಪಾಠ ಕೇಳವಲ್ದು," ಎಂದು ಒಮ್ಮೆ ಜಮಖಾನ ಸರಿಸಿ ಹೇಳಿದೆ.

"ನೀವೂ ಜೋರ್ ಮಾತಾಡ್ರಿ ಮೇಡಂ, ಯಾರ್ ಬ್ಯಾಡ ಅಂದಾರ?"

ಅಂದಿನಿಂದ ನಾನೂ ಜೋರು ಮಾಡಿದೆ. ವರ್ಷವಿಡೀ ಇಬ್ಬರೂ ಕಿರುಚಿದ್ದೇ ಕಿರುಚಿದ್ದು. ರಾತ್ರಿ ಮನೆಯಲ್ಲಿ ಅರಿಶಿನದ ಹಾಲು ಕುಡಿಯುತ್ತ ಅವರಿಗೆ ಶಾಪ ಹಾಕುತ್ತಿದ್ದೆ.

ಈಗ ಅದೇ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲಬೇಕು. ನಿಂತೆ. ಕಾನೂನಿನ ಪ್ರಕಾರ ಅವರು ಬೇಡ ಎನ್ನುವಂತಿರಲಿಲ್ಲ. ಆದರೆ ಅಪ್ಪನ ಕಿವಿಯಲ್ಲಿ ಒಂದು ಅನುಮಾನದ ಮಾತು ಹಾಕಿದರೆ ಮುಗಿಯಿತು, ಹುಡುಗಿ ಹೊಲಿಗೆ ಮಷಿನ್ನಿನ ಮುಂದೆ.

"ನೋಡ್ರಿ ಮೇಡಂ," ಎಂದರು ಅವರು, "ಏಳು ವರ್ಷ ಉರ್ದುದಾಗ ಓದಿದ ಹುಡುಗಿ. ಎಸ್ಸೆಸ್ಸೆಲ್ಸಿಗಿ ಬಂದು ಡುಮ್ಕಿ ಹೊಡದ್ರ ಆಕಿದೂ ಹೋಯ್ತು, ನಮ್ಮ ರಿಸಲ್ಟೂ ಹೋಯ್ತು. ನಾಳಿ ಆಕೀನ್ನ, ಅವರಪ್ಪನ್ನ ಕರಕೊಂಡು ಬರ್ರಿ. ನಾನೇ ನೋಡ್ತೀನಿ."

ಮರುದಿನ ಮೂವರೂ ಹೋದೆವು. "ಕುಂದ್ರಿ," ಎಂದು ಅಪ್ಪನಿಗೆ ಕುರ್ಚಿ ತೋರಿಸಿದರು. ಅವರು ಬಟ್ಟೆಯ ಮೇಲಿನ ಕಲ್ಲಿನ ಧೂಳು ನೋಡಿಕೊಂಡು ಕೂರಲಿಲ್ಲ. ಹೆಡ್ ಮಾಸ್ತರು ಕನ್ನಡ ಪುಸ್ತಕ ತೆರೆದು ಹುಡುಗಿಯ ಕೈಗೆ ಕೊಟ್ಟರು. ಆಕೆ ಬೆರಳಿಟ್ಟು ಓದತೊಡಗಿದಳು. ಸಣ್ಣ ಸಣ್ಣ ಪದಗಳನ್ನು ದಾಟಿದಳು, ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದಳು. ನನ್ನ ಮುಂದೆ ಚೆನ್ನಾಗಿಯೇ ಓದುತ್ತಿದ್ದಳು, ಅಲ್ಲಿ ಹೆದರಿಬಿಟ್ಟಿದ್ದಳು.

ಹೆಡ್ ಮಾಸ್ತರು ಪುಸ್ತಕ ಮುಚ್ಚಿ ಅಪ್ಪನ ಕಡೆ ತಿರುಗಿದರು. ದನಿಯಲ್ಲಿ ಕನಿಕರವೇ ಇತ್ತು, ಸುಳ್ಳು ಹೇಳಬಾರದು. "ಭಾಳ ತ್ರಾಸ ಆಗ್ತದರಿ ನಿಮ್ಮ ಮಗಳಿಗಿ. ಎಂಟನೇತ್ತಾಗ ಘರ್ಷಣೆ ಅಂತ ಪಾಠ ಬರ್ತದ. ನಮ್ಮ ಹುಡುಗ್ರ ತಲಿಗೇ ಹತ್ತಂಗಿಲ್ಲ, ಇಕಿಗಿ ಹ್ಯಾಂಗ ತಿಳೀಬೇಕು ಹೇಳ್ರಿ?"

ಅಪ್ಪ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡೆ. ಆಗ ಹುಡುಗಿ, ತಲೆ ಬಗ್ಗಿಸಿಯೇ, ಬಾಯಿ ಬಿಟ್ಟಳು.

"ಘರ್ಷಣೆ ಅಂದ್ರ ತಿಕ್ಕಾಟ. ಒಂದರ ಮ್ಯಾಲ ಇನ್ನೊಂದು ಸರಿಯೋವಾಗ ಅದು ತಡೀತದ. ಖಡಬಡ ಇದ್ದ ಕಲ್ಲಿನ ಮ್ಯಾಲ ಘರ್ಷಣೆ ಹೆಚ್ಚು, ಕಾಲು ನಿಲ್ತದ. ಪಾಲಿಶ್ ಹಾಕಿದ ಫರಸಿ ಮ್ಯಾಲ ನೀರು ಚೆಲ್ಲಿದ್ರ ಘರ್ಷಣೆ ಕಡಿಮಿ, ಜಾರಿ ಬೀಳ್ತೀರಿ, ಹಲ್ಲು ಮುರೀತಾವ. ತಿಳೀತಿಲ್ಲೋ? ಹಿಂದ ಕುಂತವ್ರು ನಿದ್ದಿ ಹೊಡೀಬ್ಯಾಡ್ರಿ!"

ಕೊನೆಯ ಎರಡು ಮಾತನ್ನು ಥೇಟ್ ಹೆಡ್ ಮಾಸ್ತರ ದನಿಯಲ್ಲೇ, ಅದೇ ಏರಿನಲ್ಲಿ ಹೇಳಿದಳು. ಹೇಳಿದ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ಬಾಗಿಲಲ್ಲಿ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ನಾನು ತುಟಿ ಕಚ್ಚಿಕೊಂಡೆ.

"ಇದು ನಿನಗ ಯಾರು ಕಲಿಸ್ಯಾರ?" ಹೆಡ್ ಮಾಸ್ತರಿಗೆ ನಂಬಿಕೆಯೇ ಬರಲೊಲ್ಲದು.

"ನೀವೇ ಸಾರ್," ಎಂದಳು. "ನಮ್ಮ ಬೆನ್ನ ಹಿಂದ."

ಅವರು ಇನ್ನೊಂದು ಪ್ರಶ್ನೆ ಕೇಳಿದರು, ಮತ್ತೊಂದು ಕೇಳಿದರು. ಆಕೆಗೆ ಎಲ್ಲವೂ ಗೊತ್ತಿರಲಿಲ್ಲ, ಗೊತ್ತಿದ್ದುದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ನೋಡಿದರು. "ಸಣ್ಣಗ ಮಾತಾಡ್ರಿ ಅಂತಿದ್ರಲ್ಲ ಮೇಡಂ?" ಎಂದು ಕಿಚಾಯಿಸಿದರು. ವರ್ಷವೆಲ್ಲ ಜಗಳಾಡಿದ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು ನನಗೆ. ಬೀಳಲಿಲ್ಲ, ಅಷ್ಟು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

"ಓದೋದು ನಾ ಕಲಸ್ತೀನಿ, ದಿನಾ ಸಾಲಿ ಬಿಟ್ಟ ಮ್ಯಾಲ," ಎಂದೆ. "ಕಲಸ್ರಿ ಮತ್ತ," ಎಂದರು ಅವರು. ಆಮೇಲೆ ಅಪ್ಪನಿಗೆ, "ಕಳಸ್ರಿ ಮಗಳಿಗಿ. ನಾ ನೋಡ್ಕೋತೀನಿ," ಎಂದರು.  ಅಪ್ಪ ಈಗ ಹೋಗಿ ಆ ಕುರ್ಚಿಯಲ್ಲಿ ಕೂತರು.

ಶಾಲೆ ಶುರುವಾದ ದಿನ ಮಗಳನ್ನು ಬಿಡಲು ಅವರೇ ಬಂದರು. ಹುಡುಗಿ ಒಳಗೆ ಹೋಗಿ ಕೂತಳು. ಇವರು ಮಾತ್ರ ವರಾಂಡದ ಕಿಟಕಿಯ ಹೊರಗೆ ನಿಂತೇ ಇದ್ದರು, ಕೆಲಸಕ್ಕೆ ಹೊತ್ತಾಗಿತ್ತು.

"ನಡೀರಿ ಇನ್ನ, ಮಾಲಕ ಬೈತಾನ," ಎಂದೆ.

"ಒಂದ್ ಸಲ ಹೆಸರು ಕೂಗ್ಲಿ ಟೀಚರ್. ಕೇಳಿ ಹೋಗ್ತೀನ್ರಿ."

ಇಬ್ಬರೂ ಕಿಟಕಿಗೆ ಆತು ನಿಂತೆವು. ಒಳಗೆ ಹಾಜರಿ ನಡೆದಿತ್ತು. ಹೆಸರುಗಳು ಒಂದೊಂದಾಗಿ ಬಂದವು, ಹೋದವು, ಮುಗಿಯುತ್ತ ಬಂದವು. ಹೊಸದಾಗಿ ಸೇರಿದವಳಲ್ಲವೇ, ಆಕೆಯದು ಎಲ್ಲರಿಗಿಂತ ಕೊನೆಗೆ. ಕೂಗಿದರು. ಹುಡುಗಿ ಎದ್ದು ನಿಂತು, ಇಡೀ ಹಾಲಿಗೆ ಕೇಳುವಂತೆ "ಎಸ್ ಸಾರ್!" ಎಂದಳು. ಅಪ್ಪ ತೋಳಿನಿಂದ ಮುಖ ಒರೆಸಿಕೊಂಡು ಕೆಲಸಕ್ಕೆ ನಡೆದರು.