ಅಜ್ಜಿಯ ಮಾತಿನ ಉಳಿದರ್ಧ

ಇಟಾಸ್ಕಾದ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವನು ಯೂಟಾದಿಂದ ಬಂದ ಮಾರ್ಮನ್, ಅಂದರೆ ಕಟ್ಟುನಿಟ್ಟಿನ ಒಂದು ಕ್ರೈಸ್ತ ಪಂಗಡದವನು. ಇಪ್ಪತ್ತಾರು ವರ್ಷ, ಅವರ ಪೈಕಿ ಅದು ಮದುವೆಗೆ ತಡವಾದ ವಯಸ್ಸು. ಊರಲ್ಲಿ ಒಬ್ಬ ಹುಡುಗಿ ಇವನ ಒಂದು ಮಾತಿಗಾಗಿ ಕಾಯುತ್ತಿದ್ದಳು. ಇವನು ದಿನ ತಳ್ಳುತ್ತಿದ್ದ.

ಒಂದು ಶನಿವಾರ ಅವನನ್ನು ನಾಲ್ಕೈದು ಗಂಟೆ ದೂರದ, ಮಿಶಿಗನ್ ರಾಜ್ಯದ ನಾರ್ತ್‌ವಿಲ್‌ನ ನನ್ನ ಚಿಕ್ಕಮ್ಮನ ಮನೆಗೆ ಊಟಕ್ಕೆ ಕರೆದೊಯ್ದೆ. ಧಾರವಾಡದಿಂದ ಬಂದಿದ್ದ ಚಿಕ್ಕಮ್ಮನ ಅತ್ತೆ, ಅಂದರೆ ನನಗೆ ಅಜ್ಜಿ, ರೊಟ್ಟಿ ಬಡಿಯುತ್ತಿದ್ದರು. ಅವನು ಚಹಾ ಬೇಡವೆಂದ. ಅವರ ಧರ್ಮದಲ್ಲಿ ಚಹಾ, ಕಾಫಿ, ಹೆಂಡ ಯಾವುದೂ ಇಲ್ಲವೆಂದು ನಾನು ವಿವರಿಸಿದೆ.

"ಇಂಥಾ ವರಾ ಎಲ್ಲಿ ಸಿಗ್ತಾನ? ನಿನಗಂತೂ ಯಾರೂ ಹೆಣ್ಣು ಕೊಡೂದಿಲ್ಲ ಬಿಡು," ಎಂದರು ಅಜ್ಜಿ.

ಹಿರಿಯರು ಗೊತ್ತು ಮಾಡಿದ ಮದುವೆಯಲ್ಲಿ ಆಮೇಲೆ ಪ್ರೀತಿ ಬರುತ್ತದೆಯೇ ಎಂದು ಅವನು ಕೇಳಿದ. ಅಜ್ಜಿಗೆ ಇಂಗ್ಲಿಷ್ ಬಾರದು; ದುಭಾಷಿ ನಾನೇ.

"ಬರ್ತೈತಿ ತಮ್ಮಾ. ಆದ್ರ ಹೆಣ್ಣಿನ ಮ್ಯಾಲ ಮನಸ್ಸಾಗೋ ಗಂಡಸಿಗೆ ಬರ್ತೈತಿ. ನಮ್ಮಕ್ಕನ ಗಂಡಗ ಬರ್ಲೇ ಇಲ್ಲ. ಪಾಪ, ಆಕಿ ನಲವತ್ತು ವರ್ಷ ಗ್ವಾಡಿ ಜೊತಿ ಸಂಸಾರ ಮಾಡಿದ್ಲು."

ಬಾಯಿತುಂಬ ಎಣ್ಣೆಗಾಯಿ ಇಟ್ಟುಕೊಂಡು ನಾನು ಅನುವಾದಿಸಿದೆ: ಬರುತ್ತದೆ, ಆರು ತಿಂಗಳಲ್ಲಿ, ಗ್ಯಾರಂಟಿ. ಊಟದ ಕಳೆ ಕೆಡದಿರಲೆಂದು ಅಕ್ಕನ ಗಂಡನನ್ನು ಹಾರಿಸಿದೆ. ಮೇಲೊಂದು ಭಾಷಣ ಬೇರೆ: ನಮ್ಮ ಪ್ರೀತಿ ಇಡ್ಲಿ ಹಿಟ್ಟಿನಂತೆ, ಮುಚ್ಚಿಟ್ಟರೆ ತಾನಾಗಿ ಉಬ್ಬುತ್ತದೆ. ಆವರೆಗೆ ನನಗೆ ಒಬ್ಬ ಹುಡುಗಿಯೂ ನೆಟ್ಟಗೆ ಹಲೋ ಹೇಳಿರಲಿಲ್ಲ.

ವಾಪಸ್ಸು ಬರುವಾಗ ಬಿಸಿಲು ಎದುರಿಗಿತ್ತು. ಎರಡೂ ಕಡೆ ಒಣಗಿದ ಮೆಕ್ಕೆಜೋಳದ ಹೊಲಗಳು ಗಾಳಿಗೆ ನೀರಿನಂತೆ ಅಲುಗುತ್ತಿದ್ದವು. ಕಾರು ನಿಂತಿದೆ, ಮಿಶಿಗನ್ನೇ ನಿಧಾನವಾಗಿ ಹಿಂದಕ್ಕೆ ತೇಲುತ್ತಿದೆ ಅನ್ನಿಸುತ್ತಿತ್ತು. ಆ ತೇಲಾಟದ ನಡುವೆ ಅವನು ಹೇಳಿದ: ಇವತ್ತೇ ಹುಡುಗಿಗೆ ಫೋನ್ ಮಾಡಿ ಮದುವೆಯ ಮಾತು ಎತ್ತುತ್ತೇನೆ. ಅಜ್ಜಿ ಹೇಳಿದ್ದನ್ನೇ ನಮ್ಮ ಬಿಷಪ್ಪೂ ಹೇಳಿದ್ದಾರೆ.

ಬಿಷಪ್ ಎಂದರೆ ಅವರ ಸಭೆಯ ಮುಖ್ಯಸ್ಥರು. ಈ ಬಿಷಪ್ ಭಾನುವಾರ ಬಿಟ್ಟು ವಾರವೆಲ್ಲ ಹಲ್ಲಿನ ಡಾಕ್ಟರು. ತನಗೆ ಗಂಡಸರ ಮೇಲೆ ಮನಸ್ಸೆಂದು ಇವನು ಅವರಲ್ಲಿ ಒಪ್ಪಿಕೊಂಡಿದ್ದನಂತೆ; ನನಗೆ ಅದು ಗೊತ್ತಾದದ್ದು ಆಗಲೇ. ಹಿಂದೆ ಅವರ ಧರ್ಮದ ಹಿರಿಯರು ಅದನ್ನು ಪಾಪ, ಕಾಯಿಲೆ ಎಂದೇ ನೋಡುತ್ತಿದ್ದರಂತೆ. ಮದುವೆಯೇ ಔಷಧವೆಂದು ಎಷ್ಟೋ ಜನರಿಗೆ ಹೇಳಿದ್ದರಂತೆ. ಹಾಗೆ ಹೇಳಬೇಡಿರೆಂದು ಮೇಲಿನವರು ತಿಳಿಸಿ ಬಹಳ ವರ್ಷವಾಗಿದ್ದರೂ ಈ ಡಾಕ್ಟರು ಹಳೆಯ ಚೀಟಿಯನ್ನೇ ಬರೆಯುತ್ತಿದ್ದರು. ಮದುವೆಯಾಗದಿದ್ದರೆ ಬದುಕಿಡೀ ಒಂಟಿ. ಗಂಡಸಿನ ಜೊತೆ ಬಾಳಿದರೆ ಸಭೆಯಿಂದ ಹೊರಗೆ. ಇನ್ನು ಅವರ ದೇವಾಲಯದಲ್ಲಾದ ಮದುವೆ ಸತ್ತಮೇಲೂ ಮುಗಿಯುವುದಿಲ್ಲ.

ನಮ್ಮದು ಏಳೇ ಜನ್ಮ ಎಂಬ ಜೋಕು ನಾಲಿಗೆಯವರೆಗೆ ಬಂತು. ನುಂಗಿದೆ.

"ಅಜ್ಜಿ ಇನ್ನೂ ಒಂದು ಮಾತು ಹೇಳಿದ್ರು ಕಣೋ. ನಾನು ಬಿಟ್ಬಿಟ್ಟೆ," ಎಂದು ಗೋಡೆಯ ಸಂಸಾರದ ಕತೆ ಒಪ್ಪಿಸಿದೆ.

ಅವನು ಸೀಟಿನಲ್ಲಿ ನನ್ನ ಕಡೆ ತಿರುಗಿದ.

"ಆ ಅಕ್ಕ ಗಂಡನ್ನ ಕೇಳ್ಲೇ ಇಲ್ವಂತಾ, ಯಾಕೆ ಹೀಗೆ ಅಂತ?"

"ಗೊತ್ತಿಲ್ಲಪ್ಪ."

"ಇವಳೂ ಕೇಳೋಳಲ್ಲ. ನಾನೇ ಹೇಳ್ಬೇಕು."

ಹೆದ್ದಾರಿ ಪಕ್ಕದ ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಮೇಪಲ್ ಎಲೆಗಳು ಆತುರವಿಲ್ಲದೆ ಬೀಳುತ್ತಿದ್ದವು. ಫೋನ್ ಬೂತಿನ ಗಾಜಿನೊಳಗೆ ಅವನ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಬಂದಾಗ ಕಣ್ಣು ಕೆಂಪಗಿತ್ತು.

"ತುಂಬಾ ಅತ್ಲು. ಆಮೇಲೆ, ಮದ್ವೆಗೆ ಮುಂಚೆ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂದ್ಲು."

ನಾನು ಕಾರಿನ ಕೀ ತಿರುಗಿಸಿದೆ.

"ನಾಳೆ ಭಾನುವಾರ. ಈ ಮದ್ವೆ ಬೇಡ ಅಂತ ಬಿಷಪ್‌ಗೂ ಹೇಳ್ಬೇಕು," ಎಂದು ಅವನು ಸೀಟ್‌ಬೆಲ್ಟ್ ಹಾಕಿಕೊಂಡ.